ಆಡಿನ ಶ್ವಾಸಕೋಶಕ್ಕೆ ಉಸಿರೂದಿದಾತ

ಮೊನ್ನೆ ನಮ್ಮ ಕಾಲೇಜಿನ ಸಭಾಂಗಣದಲ್ಲಿ ಶೋಕಸಭೆ ನಡೆಯಿತು. ನನ್ನನ್ನು ಮೊದಲ ಸಾಲಿನಲ್ಲಿ ಕೂಡ್ರಿಸಿದ್ದರು. ಮಾತಾಡಿದವರೆಲ್ಲ ತಿರುಗಿಸಿ ಮುರುಗಿಸಿ ಹೇಳಿದ್ದು ಒಂದೇ, ತೀರಿಹೋದವರು ಅಜಾತಶತ್ರುಗಳಾಗಿದ್ದರು ಎಂದು. ನನ್ನ ಸರದಿ ಬಂದಾಗ ನಾನೂ ಎದ್ದು ಅದನ್ನೇ ಹೇಳಿ, ಕರವಸ್ತ್ರದಿಂದ ಕಣ್ಣೊರೆಸಿಕೊಂಡು ಕೂತೆ. ಕಣ್ಣೀರು ನಿಜವಾದದ್ದೇ. ಮಾತು ಮಾತ್ರ ಅರ್ಧ ನಿಜ. ಆತನಿಗೆ ಶತ್ರುಗಳಿರಲಿಲ್ಲ, ಒಪ್ಪುತ್ತೇನೆ. ಆದರೆ ಒಂದೇ ಪ್ರಯೋಗಶಾಲೆಯಲ್ಲಿ, ಎದುರುಬದುರು ಮೇಜಿನಲ್ಲಿ ಇಷ್ಟು ವರ್ಷ ಕೂತು, ಆತನನ್ನು ಕಂಡು ಹೊಟ್ಟೆ ಉರಿದುಕೊಂಡ ಮನುಷ್ಯ ಒಬ್ಬನಿದ್ದ. ಆ ಮನುಷ್ಯ ಮೊದಲ ಸಾಲಿನಲ್ಲೇ ಕೂತಿದ್ದ.

ಸಭೆಯಲ್ಲಿ ‘ಅವರು’ ಎಂದೆ. ಇಲ್ಲಿ ‘ಆತ’ ಎನ್ನುತ್ತೇನೆ. ಹೊಟ್ಟೆಕಿಚ್ಚಿಗೂ ಒಂದು ಸಲಿಗೆ ಇರುತ್ತದೆ. ಹಾಗಂತ ಆತ ನನ್ನ ಹೊಲ ಒತ್ತಲಿಲ್ಲ, ನೌಕರಿ ಕಸಿಯಲಿಲ್ಲ, ಬೆನ್ನ ಹಿಂದೆ ಚಾಡಿ ಹೇಳಲಿಲ್ಲ. ನನ್ನ ತಕರಾರು ಇಷ್ಟೇ. ನನ್ನ ಹೆಂಡತಿ ಉಬ್ಬಸದವಳು. ನಾನು ಉಸಿರಿನ ಅಂಗಗಳನ್ನು ಓದಿದವನು, ಓದಿಸುವವನು. ಆಕೆಗೆ ಉಸಿರು ಸಿಗದಾಗ ಆಕೆ ನನ್ನ ಮುಖ ನೋಡಬೇಕು ಎಂದು ನನಗೆ ಆಸೆಯಿತ್ತು. ಆಕೆ ಆತನ ಮುಖ ನೋಡಿದಳು.

ನಾವಿಬ್ಬರೂ ಒಂದೇ ವರ್ಷ ಧಾರವಾಡದ ಆ ಕಾಲೇಜಿಗೆ ಜೀವಶಾಸ್ತ್ರದ ಡೆಮಾನ್‌ಸ್ಟ್ರೇಟರುಗಳಾಗಿ ಸೇರಿದೆವು. ಪಾಠ ಹೇಳುವುದು ಪ್ರೊಫೆಸರರ ಕೆಲಸ. ಹುಡುಗರಿಗೆ ಕಪ್ಪೆ ಕೊಯ್ಯುವುದನ್ನೂ ಸೂಕ್ಷ್ಮದರ್ಶಕದಲ್ಲಿ ನೋಡುವುದನ್ನೂ ಕಲಿಸುವುದು ನಮ್ಮ ಕೆಲಸ. ನಾನು ಊರಿನ ವಕೀಲರ ಮಗ, ಮುಂಬಯಿಯಲ್ಲಿ ಓದಿ ಪ್ರಥಮ ದರ್ಜೆಯಲ್ಲಿ ಪಾಸಾದವನು. ಕೋಟು, ಟೈ, ತಲೆಯ ಮೇಲೆ ಕರಿ ಟೊಪ್ಪಿಗೆ. ಆತ ಹುಬ್ಬಳ್ಳಿ ಕಡೆಯ ಸುಳ್ಳ ಎಂಬ ಹಳ್ಳಿಯ ಗೌಡರ ಮನೆಯವನು. ದ್ವಿತೀಯ ದರ್ಜೆ, ದಪ್ಪ ಧೋತರ, ಹಣೆಯ ಮೇಲೆ ವಿಭೂತಿ. ಕೈಗಳಂತೂ ಕೂರಿಗೆ ಹಿಡಿಯಲಿಕ್ಕೆ ಮಾಡಿದ ಕೈಗಳು. ಅಂಥ ಬೆರಳುಗಳಿಂದ ಆತ ಉಗುರಿಗಿಂತ ತೆಳುವಾದ ಗಾಜಿನ ಚೂರನ್ನು ಸ್ಲೈಡಿನ ಮೇಲೆ ಇಳಿಸುತ್ತಿದ್ದ. ಕೆಳಗೆ ಒಂದು ಗಾಳಿಗುಳ್ಳೆಯೂ ಉಳಿಯುತ್ತಿರಲಿಲ್ಲ. ನನ್ನ ಬೆರಳುಗಳನ್ನು ನಮ್ಮ ತಾಯಿ ವೀಣೆಯ ಬೆರಳು ಎಂದು ಹೊಗಳುತ್ತಿದ್ದಳು. ನಾನು ಇಳಿಸಿದ ಗಾಜಿನ ಕೆಳಗೆ ಗುಳ್ಳೆಗಳ ಸಂತೆ ನೆರೆಯುತ್ತಿತ್ತು.

ನೋಡುವ ರೀತಿಯೂ ಬೇರೆ. ನಾನು ಬಲಗಣ್ಣು ಮುಚ್ಚಿ, ಹಲ್ಲು ಕಚ್ಚಿ, ಎಡಗಣ್ಣನ್ನು ಸೂಕ್ಷ್ಮದರ್ಶಕದ ನಳಿಗೆಗೆ ಹಚ್ಚುತ್ತಿದ್ದೆ. ಮೊದಮೊದಲು ಕಾಣುತ್ತಿದ್ದದ್ದು ನನ್ನದೇ ರೆಪ್ಪೆಯ ಕೂದಲು. ಆತ ಎರಡೂ ಕಣ್ಣು ತೆರೆದಿಟ್ಟು ಕೂಡುತ್ತಿದ್ದ. ಎಡಗಣ್ಣು ನಳಿಗೆಯಲ್ಲಿ, ಬಲಗಣ್ಣು ಪಕ್ಕದ ಕಾಗದದ ಮೇಲೆ. ಒಂದರಿಂದ ನೋಡುತ್ತಾ ಇನ್ನೊಂದರಿಂದ ಬರೆಯುತ್ತಿದ್ದ. ಶ್ವಾಸನಾಳದ ಗೋಡೆ ಆ ಕಾಗದದ ಮೇಲೆ ತಾನಾಗಿ ಮೂಡುತ್ತಿತ್ತು. ಒಳಮೈಗೆ ಸೂಕ್ಷ್ಮ ಕೂದಲಿನ ಸಾಲು, ನಡುನಡುವೆ ಲೋಳೆ ಸುರಿಸುವ ಉಬ್ಬಿದ ಕೋಶಗಳು, ಕೆಳಗೆ ಗ್ರಂಥಿಗಳು, ಹೊರಗೆ ಮೆತ್ತನೆಯ ಎಲುಬಿನ ಬಳೆ. ಹುಡುಗರು ಅವಸರ ಮಾಡಿದರೆ, “ನಿಧಾನ ನೋಡ್ರೆಪಾ, ಅದೇನ್ ಎದ್ದು ಓಡಿ ಹೋಗಾಂಗಿಲ್ಲ” ಅನ್ನುತ್ತಿದ್ದ. ನನ್ನ ಚಿತ್ರಗಳಲ್ಲಿ ಬಾಣದ ಗುರುತುಗಳು ಒಪ್ಪವಾಗಿರುತ್ತಿದ್ದವು, ಹೆಸರುಗಳಲ್ಲಿ ಒಂದು ಅಕ್ಷರ ತಪ್ಪುತ್ತಿರಲಿಲ್ಲ. ಹುಡುಗರು ನಕಲು ಮಾಡಿಕೊಳ್ಳುತ್ತಿದ್ದದ್ದು ಆತನದನ್ನು.

ಒಮ್ಮೆ ಕಪ್ಪೆಯ ಅಂಗುಳಿನ ಮೇಲೆ ಒಂದು ಗಸಗಸೆ ಕಾಳು ಇಟ್ಟು ಹುಡುಗರನ್ನು ಕರೆದ. ಕಾಳು ತಾನಾಗಿ ಗಂಟಲಿನ ಕಡೆಗೆ ಹೊರಟಿತು. ಯಾರೂ ದೂಡಲಿಲ್ಲ, ಗಾಳಿಯೂ ಇರಲಿಲ್ಲ.

“ಸರ, ಅದರೊಳಗ ಹುಳ ಐತೇನ್ರಿ?” ಎಂದು ಒಬ್ಬ ಕೇಳಿದ.

“ಹುಳ ಅಲ್ಲೋ. ಕೆಳಗ ಕೂದಲದಾವು, ಕಣ್ಣಿಗೆ ಕಾಣದಂಥಾವು. ಎಲ್ಲಾ ಒಂದ ಕಡೀಗೆ ಬಡ್ಯಾಕತ್ತಾವು. ನಿನ್ನ ಶ್ವಾಸನಾಳದಾಗೂ ಅದಾವು. ನೀ ಹುಬ್ಬಳ್ಳಿಗೆ ಹೋಗಿ ಹತ್ತಿ ಜಿನ್ನಿನ ಧೂಳಿ ತಿಂದು ಬರ್ತಿ, ಮನ್ಯಾಗ ಒಲಿ ಹೊಗಿ ಕುಡೀತಿ. ಅವು ಅದನ್ನ ಲೋಳಿಗೆ ಹಚ್ಚಿ ಮ್ಯಾಲ ಮ್ಯಾಲ ದೂಡತಾವು. ನೀ ಮಲಗಿದ್ರೂ ಅವು ಮಲಗಾಂಗಿಲ್ಲ. ನಿಮ್ಮಪ್ಪಗ ಇಂಥಾ ಒಬ್ಬ ಆಳು ಸಿಕ್ಕಿದ್ರ ಎಷ್ಟ ಛಲೋ ಇತ್ತು!”

ಹುಡುಗರು ಬಿದ್ದು ಬಿದ್ದು ನಕ್ಕರು. ನಾನು ಅದೇ ವಿಷಯವನ್ನು ಹಿಂದಿನ ವಾರ ಸ್ವಚ್ಛ ಇಂಗ್ಲಿಷಿನಲ್ಲಿ ಹೇಳಿದ್ದೆ. ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂದಾಗ ಎಲ್ಲರೂ ಚೆನ್ನಾಗಿ ಬರೆದರು. ಪ್ರೊಫೆಸರರು ನಮ್ಮಿಬ್ಬರನ್ನೂ ಹೊಗಳಿದರು. ನನಗೆ ಆ ‘ಇಬ್ಬರನ್ನೂ’ ಎಂಬುದು ಎರಡು ದಿನ ಗಂಟಲಲ್ಲಿ ಸಿಕ್ಕಿಕೊಂಡಿತ್ತು.

ಮುಂದೆ ಲೆಕ್ಚರರ ಹುದ್ದೆ ಖಾಲಿಯಾದಾಗ ಅದು ಸಿಕ್ಕದ್ದು ನನಗೇ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಕೆಳಗಿನವನು ಮೇಲಿನವನನ್ನು ಕಂಡು ಕರುಬುವುದು ಲೋಕರೂಢಿ. ನಾನು ಮೇಲೆ ಕೂತು ಕೆಳಗಿನವನನ್ನು ಕಂಡು ಕರುಬಿದವನು. ಆತ ಪೇಢೆ ತಂದು ಮೇಜಿನ ಮೇಲಿಟ್ಟು, “ರಾಯರ, ಬಾಯಿ ಸಿಹಿ ಮಾಡ್ಕೋರಿ” ಎಂದ. ಪೇಢೆ ನನ್ನದು, ಹುದ್ದೆ ನನ್ನದು. ಹುಡುಗರು ಸಂಶಯ ಕೇಳಲು ಹೋಗುತ್ತಿದ್ದದ್ದು ಎದುರಿನ ಮೇಜಿಗೆ.

ಅಷ್ಟರಲ್ಲಿ ಯುರೋಪಿನಲ್ಲಿ ಯುದ್ಧ ಶುರುವಾಯಿತು. ವಿಲಾಯತಿಯಿಂದ ಸ್ಲೈಡುಗಳು ಬರುವುದು ನಿಂತಿತು. ಮನುಷ್ಯನ ಶ್ವಾಸಕೋಶದ ಒಂದೇ ಒಂದು ಸ್ಲೈಡು ಉಳಿದಿತ್ತು. ಅದನ್ನು ಹುಡುಗರ ಕೈಗೆ ಕೊಡಲು ಧೈರ್ಯವಿಲ್ಲ. ಆಡಿನ ಶ್ವಾಸಕೋಶವೂ ಮನುಷ್ಯನದಕ್ಕೆ ಹತ್ತಿರ, ಅದರಿಂದ ನೀವೇ ಯಾರಾದರೂ ಸ್ಲೈಡು ಮಾಡಿ ನೋಡಿ ಎಂದರು ಪ್ರೊಫೆಸರರು. ನಾನು ಹಿಂದೆ ಸರಿಯಲಿಲ್ಲ. ಕಸಾಯಿಯ ಅಂಗಡಿಯಿಂದ ಶ್ವಾಸಕೋಶ ತರಿಸಿ, ಮೂಗಿಗೆ ಅರಿವೆ ಕಟ್ಟಿಕೊಂಡು, ತುಂಡು ಮಾಡಿ ಫಾರ್ಮಲಿನ್‌ನಲ್ಲಿ ಹಾಕಿದೆ. ತುಂಡುಗಳು ಮುಳುಗಲಿಲ್ಲ. ಒಳಗೆ ಗಾಳಿ ಇರುವುದರಿಂದ ಬೆಂಡಿನ ಹಾಗೆ ತೇಲುತ್ತ ನಿಂತವು. ಕಲ್ಲು ಕಟ್ಟಿ ಮುಳುಗಿಸಿದೆ. ಕೊನೆಗೆ ಮೇಣದಲ್ಲಿ ಹುದುಗಿಸಿ, ತೆಳ್ಳಗೆ ಹೆರೆದು, ಬಣ್ಣ ಹಚ್ಚಿ ನೋಡಿದರೆ ಗಾಳಿಗೂಡುಗಳೆಲ್ಲ ಚಪ್ಪಟೆಯಾಗಿ ಒಂದರ ಮೇಲೊಂದು ಕೂತಿದ್ದವು. ಹಿಂಡಿ ಎಸೆದ ಅರಿವೆಯಂತೆ ಕಂಡಿತು.

ಆತ ಹಾಗೆ ಮಾಡಲಿಲ್ಲ. ಶ್ವಾಸನಾಳದ ಸಮೇತ ಇಡೀ ಶ್ವಾಸಕೋಶವನ್ನೇ ತಂದ. ನಾಳದೊಳಗಿಂದ ದ್ರವ ತುಂಬಿದರೆ ಗೂಡುಗಳು ತೆರೆದೇ ಗಟ್ಟಿಯಾಗುತ್ತವೆ ಎನ್ನುವುದು ಆತನ ಲೆಕ್ಕ. ಅದಕ್ಕೆ ಮೊದಲು ಎಲ್ಲಾದರೂ ತೂತಿದೆಯೇ ನೋಡಬೇಕಲ್ಲ? ಕ್ಲಾಸಿನ ಎದುರಿಗೇ ಒಂದು ಗಾಜಿನ ಕೊಳವೆಯನ್ನು ಆಡಿನ ನಾಳಕ್ಕೆ ತೂರಿಸಿ, ದಾರದಿಂದ ಬಿಗಿದು, ಇನ್ನೊಂದು ತುದಿಗೆ ಬಾಯಿ ಹಚ್ಚಿ ಊದಿದ. ಹಣೆಯಲ್ಲಿ ವಿಭೂತಿ, ಎದೆಯ ಮೇಲೆ ಲಿಂಗ, ಬಾಯಿಯಲ್ಲಿ ಆಡು! ಟ್ರೇಯಲ್ಲಿ ಕುಗ್ಗಿ ಬಿದ್ದಿದ್ದ ಕಂದು ಮುದ್ದೆ ನಿಧಾನವಾಗಿ ಎದ್ದಿತು, ಹಿಗ್ಗಿತು, ಗುಲಾಬಿ ಬಣ್ಣಕ್ಕೆ ತಿರುಗಿತು. ಬಾಯಿ ತೆಗೆದಾಗ ನಿಟ್ಟುಸಿರಿಟ್ಟು ಇಳಿಯಿತು. ಹಿಂದಿನ ಬೆಂಚಿನವರು ಎದ್ದು ಮುಂದೆ ಬಂದು ನಿಂತಿದ್ದರು.

ಸುದ್ದಿ ಆತನ ಊರು ಸುಳ್ಳಕ್ಕೆ ಮುಟ್ಟಿತು. ಹೇಗೆ ಮುಟ್ಟಿತೋ ನನಗೆ ಗೊತ್ತಿಲ್ಲ, ನಾನಂತೂ ಮುಟ್ಟಿಸಲಿಲ್ಲ. ಮುಟ್ಟಿದ್ದಕ್ಕೆ ಖುಷಿಪಟ್ಟೆ, ಅಷ್ಟೇ. ಆತ ರಜೆಗೆ ಊರಿಗೆ ಹೋದಾಗ ತಾಯಿ ಅಡುಗೆಮನೆಗೆ ಬಿಡದೆ ಕಟ್ಟೆಯ ಮೇಲೆ ತಾಟು ಹಾಕಿದಳಂತೆ. ಬಂದು ತಾನೇ ನಗುತ್ತ ನಮಗೆ ಹೇಳಿದ.

“ನಮ್ಮವ್ವ ಕೇಳಿದ್ಲು, ‘ಅಲ್ಲೋ ತಮ್ಮಾ, ಸತ್ತ ಆಡಿಗೆ ಉಸಿರು ಊದಿದ್ಯಂತ. ಎದ್ದು ಬಂತೇನು?’ ನಾ ಅಂದೆ, ‘ಆಡು ಬರ್ಲಿಲ್ಲಬೇ. ಹುಡುಗೂರು ಎದ್ದು ಬಂದ್ರು.’ ಆಕಿ ನಕ್ಕು, ಬಾಯಿ ತೊಳ್ಕೊಂಡು ಒಳಗ ಬಾ ಅಂದ್ಲು.”

ಅಷ್ಟಕ್ಕೇ ಮುಗಿಯಿತು. ನಾನು ಇದಕ್ಕಿಂತ ದೊಡ್ಡದೇನೋ ಆದೀತು ಎಂದು ಕಾದಿದ್ದೆ.

ಆತನ ಸ್ಲೈಡುಗಳು ಎಂಥವಿದ್ದವು ಎಂದು ಹೇಳಲೇಬೇಕು. ಬರಿಗಣ್ಣಿಗೆ ಗುಲಾಬಿ ಬಣ್ಣದ ಜಾಳಿಗೆಯ ತುಣುಕು. ಮಸೂರದ ಕೆಳಗೆ ಗೂಡಿಗೆ ಗೂಡು ಅಂಟಿ, ನಡುವೆ ಒಂದು ಕೋಶದಷ್ಟೇ ದಪ್ಪದ ಗೋಡೆ, ಗೋಡೆಯೊಳಗೆ ರಕ್ತಕಣಗಳು ಒಂದರ ಹಿಂದೊಂದು. ನನಗೆ ತಡೆಯಲಾಗಲಿಲ್ಲ. ನಾನೂ ಇಡೀ ಶ್ವಾಸಕೋಶ ತರಿಸಿದೆ. ಆದರೆ ಬಾಯಿ ಹಚ್ಚುವುದು ನನ್ನಿಂದ ಸಾಧ್ಯವೇ? ಸೈಕಲ್ ಪಂಪು ತಂದೆ. ಎರಡು ಸಲ ಒತ್ತಿದೆ, ಏರಿತು. ಮೂರನೆಯದು ಜೋರಾಯಿತು. ಪಟ್ಟೆಂದು ಒಡೆದು ನನ್ನ ಕೋಟು, ಟೈ, ಕನ್ನಡಕದ ಮೇಲೆಲ್ಲ ಸಿಡಿಯಿತು.

ಆತ ಓಡಿ ಬಂದು ಒದ್ದೆ ಅರಿವೆಯಿಂದ ನನ್ನ ಕೋಟು ಒರೆಸುತ್ತ, “ರಾಯರ, ಎಷ್ಟ ಊದಬೇಕನ್ನೂದು ಪಂಪಿಗೆ ತಿಳ್ಯಾಂಗಿಲ್ರಿ. ಬಾಯಿಗೆ ತಿಳೀತೈತಿ” ಎಂದ. ನಗಲಿಲ್ಲ. ನಕ್ಕಿದ್ದರೆ ನಾನು ಆತನನ್ನು ಸುಖವಾಗಿ ದ್ವೇಷಿಸಬಹುದಿತ್ತು.

ಇಲ್ಲಿಯವರೆಗಿನದು ಕಾಲೇಜಿನ ಹೊಟ್ಟೆಕಿಚ್ಚು. ಸಂಜೆ ಕೋಟಿನ ಜೊತೆ ಗೂಟಕ್ಕೆ ತೂಗುಹಾಕಬಹುದು. ಒಂದು ಭಾನುವಾರ ಆತ ನನ್ನಿಂದ ಒಯ್ದಿದ್ದ ಸ್ಲೈಡಿನ ಪೆಟ್ಟಿಗೆಯೊಂದನ್ನು ಮರಳಿಸಲು ಮನೆಗೇ ಬಂದ. ನನ್ನ ಹೆಂಡತಿ ಚಹಾ ತಂದಿಟ್ಟಳು. ಆಕೆಯ ಎದೆಯಿಂದ ಸುಂಯ್ ಸುಂಯ್ ಸಪ್ಪಳ ಬರುತ್ತಿತ್ತು. ನನಗೆ ಅದು ಕೇಳಿ ಕೇಳಿ ರೂಢಿಯಾಗಿತ್ತು. ಆತ ಬಟ್ಟಲನ್ನು ಕೆಳಗಿಟ್ಟ.

“ಅಕ್ಕಾರ, ಯಾವಾಗಿಂದ ಐತ್ರಿ ಇದು?”

“ಲಗ್ನ ಆದಾಗಿಂದ ಅದರೀ.”

ನನಗೆ ಇದು ಆರೋಪದಂತೆ ಕೇಳಿಸಿತು. ಆಕೆ ಹೆಬ್ಬಳ್ಳಿಯ ಬಯಲಿನ ಮನೆಯಿಂದ ನಮ್ಮ ಇಕ್ಕಟ್ಟಿನ ಓಣಿಗೆ ಬಂದವಳು, ಅಷ್ಟೇ ಅರ್ಥ ಎಂದು ಸಮಾಧಾನ ಮಾಡಿಕೊಂಡೆ.

“ರಾಯರನ್ನ ಕೇಳಿಲ್ಲೇನ್ರಿ, ಯಾಕ ಹಿಂಗಾಗತೈತಿ ಅಂತ?”

“ಕೇಳೀನ್ರಿ. ಅವರು ಇಂಗ್ಲಿಷಿನ್ಯಾಗ ಹೇಳ್ತಾರ.”

ಆತ ಎದ್ದು ತುಳಸಿಕಟ್ಟೆಯ ಬಳಿ ಇದ್ದ ರಂಗೋಲಿ ಬಟ್ಟಲು ಎತ್ತಿಕೊಂಡು ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತ. ಗಂಡಸು, ಅದೂ ಗೌಡರ ಮಗ, ನನ್ನ ಅಂಗಳದಲ್ಲಿ ರಂಗೋಲಿ ಹಾಕತೊಡಗಿದ! ಮೊದಲು ಒಂದು ದೊಡ್ಡ ಸುತ್ತು.

“ಇದು ಮ್ಯಾಲಿನ ದೊಡ್ಡ ನಳಗಿ. ಸುತ್ತಲೂ ಎಲುಬಿನ ಬಳಿ ಐತಿ, ಹಿಚುಕಿದ್ರೂ ಮುಚ್ಚಾಂಗಿಲ್ಲ. ಒಳಗ ಒಳಗ ಹೋದಂಗ ನಳಗಿ ಸಣ್ಣ ಆಕ್ಕೋಂತ ಹೋಗತಾವು, ಎಲುಬು ಇರಾಂಗಿಲ್ಲ. ಬರೇ ಮಾಂಸದ ಉಂಗುರ.” ಒಂದು ಸಣ್ಣ ಸುತ್ತು ಹಾಕಿದ. ಅದರೊಳಗೆ ನಿರಿಗೆ ನಿರಿಗೆಯಾಗಿ ಒಂದು ನಕ್ಷತ್ರ. “ಈ ಉಂಗುರ ಬಿಗೀತಂದ್ರ ಎಲಿ ಅಡಿಕಿ ಸಂಚಿ ದಾರ ಜಗ್ಗಿದಂಗ. ಬಾಯಿ ಹಿಂಗ ಮುದುಡತೈತಿ. ನಿಮ್ಮ ಸಪ್ಪಳ ಇಲ್ಲಿಂದ ಬರಾಕತ್ತೈತಿ.”

“ಹಂಗಾದ್ರ ಗಾಳಿ ಒಳಗ ಹೋಗಂಗಿಲ್ಲಲ್ರೀ?”

“ಹೋಗೂದು ಹೆಂಗರ ಹೋಗತೈತ್ರಿ. ಹೊರಗ ಬರಾಕ ತ್ರಾಸು. ಹಳೇ ಗಾಳಿ ಒಳಗ ಠಾಣ್ಯಾ ಹಾಕಿ ಕುಂತ್ರ, ಹೊಸಾದಕ್ಕ ಜಾಗಾ ಎಲ್ಲೈತಿ?”

ಆಕೆ ಸ್ವಲ್ಪ ಹೊತ್ತು ಬಗ್ಗಿ ನೋಡಿದಳು. ಆಮೇಲೆ, “ಗೌಡ್ರ, ಗೆರಿ ಹಿಂಗಲ್ರೀ ಬಿಡೂದು” ಎಂದು ಬಟ್ಟಲು ಇಸಿದುಕೊಂಡು ಆತನ ನಕ್ಷತ್ರವನ್ನು ತಿದ್ದಿದಳು. ಇಬ್ಬರೂ ನಕ್ಕರು. ಆಕೆ ಹಾಗೆ ನಗುವುದನ್ನು ನಾನು ಎಷ್ಟೋ ದಿನಗಳಿಂದ ಕೇಳಿರಲಿಲ್ಲ. ನಗುವಿನ ಕೊನೆಗೆ ಕೆಮ್ಮು ಬಂತು. ನನಗೆ ಒಳಗೊಳಗೇ, ಬರಲಿ ಎನಿಸಿತು.

ಆ ಉಂಗುರವನ್ನು ನಾನು ಪ್ರತಿ ವರ್ಷ ಮಸೂರದ ಕೆಳಗೆ ನೋಡಿದ್ದೆ. ಬಾಣದ ಗುರುತು ಹಾಕಿ ಹೆಸರು ಬರೆಸಿದ್ದೆ. ಅದೇ ಉಂಗುರ ನನ್ನ ಮನೆಯ ಅಡುಗೆಕೋಣೆಯಲ್ಲಿ ಬಿಗಿಯುತ್ತಿದೆ ಎಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಆತನಿಗೆ ಒಂದು ಬಟ್ಟಲು ಚಹಾ ಮುಗಿಯುವುದರೊಳಗೆ ಹೊಳೆಯಿತು. ಇದನ್ನು ಯಾವ ಗಂಡಸು ಕ್ಷಮಿಸಿಯಾನು?

ಮರುದಿನ ಬೆಳಿಗ್ಗೆ ಬಾಗಿಲ ಮುಂದೆ ಆ ಉಂಗುರ, ಆ ನಕ್ಷತ್ರ, ಸುತ್ತ ಚುಕ್ಕಿಗಳ ಅಲಂಕಾರ ಸಮೇತ ಬಿದ್ದಿತ್ತು. ಹೊಸ ನಮೂನೆ ಎಂದು ನೆರೆಮನೆಯ ಹೆಂಗಸರು ಕೇಳಿ ಕಲಿತರು. ಶ್ರಾವಣ ಬರುವುದರೊಳಗೆ ನಮ್ಮ ಓಣಿಯ ಹಲವು ಮನೆಗಳ ಮುಂದೆ ಮನುಷ್ಯನ ಕಿರುನಾಳದ ಅಡ್ಡ ಕೊಯ್ತ ಅರಿಸಿನ ಕುಂಕುಮ ಹಚ್ಚಿಕೊಂಡು ಕೂತಿತ್ತು. ನಾನು ದಿನವೂ ಅವನ್ನು ದಾಟಿಕೊಂಡು ಕಾಲೇಜಿಗೆ ಹೋಗಬೇಕಾಯಿತು.

ದೀಪಾವಳಿಗೆ ಮನೆಗೆ ಸುಣ್ಣ ಹೊಡೆಸಿದೆವು. ಗೋಡೆ ಕೆರೆದ ಧೂಳು ಮನೆ ತುಂಬ. ಮಧ್ಯಾಹ್ನ ಆಕೆಗೆ ಉಬ್ಬಸ ಏರಿತು. ಇಂಥ ಏರು ಹಿಂದೆಂದೂ ನೋಡಿರಲಿಲ್ಲ. ಬೀಸುವ ಕಲ್ಲಿಗೆ ಎರಡೂ ಮೊಣಕೈ ಊರಿ ಕೂತಿದ್ದಳು. ಉಗುರು ನೀಲಿಗಟ್ಟಿದ್ದವು, ಕುತ್ತಿಗೆಯ ನರಗಳು ಹಗ್ಗದಂತೆ ಎದ್ದಿದ್ದವು. ಡಾಕ್ಟರರ ಮನೆಗೆ ಹೇಳಿಕಳಿಸಿದರೆ ಅವರು ಹುಬ್ಬಳ್ಳಿಗೆ ಹೋಗಿದ್ದಾರೆ, ಸಂಜೆಯ ರೈಲುಗಾಡಿಗೆ ಬರುತ್ತಾರೆ ಎಂದು ಉತ್ತರ ಬಂತು. ನಾನು ಆಕೆಯ ಎದುರು ನಿಂತು, “ಉಸಿರು ತಗೋ, ಜೋರಾಗಿ ತಗೋ” ಎಂದು ಕೂಗುತ್ತಿದ್ದೆ. ಆಕೆ ತಲೆ ಅಲ್ಲಾಡಿಸಿದಳು. ಇದ್ದ ಉಸಿರಿನಲ್ಲಿ ಒಂದೇ ಮಾತು ಆಡಿದಳು.

“ಗೌಡ್ರು.”

ಎದೆಗೆ ಒದ್ದಂತಾಯಿತು. ಆದರೂ ಓಡಿದೆ. ಟೊಪ್ಪಿಗೆ ಮನೆಯಲ್ಲೇ ಉಳಿಯಿತು. ನಮ್ಮ ಊರಿನಲ್ಲಿ ಮರ್ಯಾದಸ್ಥರು ಬರಿತಲೆಯಲ್ಲಿ ಬೀದಿಗಿಳಿಯುವುದು ಮನೆಯಲ್ಲಿ ಸಾವಾದಾಗ ಮಾತ್ರ. ದಾರಿಯಲ್ಲಿ ಒಬ್ಬರು ಅಡ್ಡ ನಿಂತು, “ರಾಯರ, ಯಾರ್ರೀ ಹೋದದ್ದು?” ಎಂದು ಕೇಳಿದರು. ಇನ್ನೊಬ್ಬರು ಆಗಲೇ ಚಪ್ಪಲಿ ಬಿಟ್ಟು ಕೈಮುಗಿದರು. ನಾನು ಉತ್ತರ ಕೊಡದೆ ಆತನ ಬಾಗಿಲಿಗೆ ಹೋಗಿ ನಿಂತೆ. ಅಲ್ಲಿ ಆಡಿದ ಮಾತಿನಷ್ಟು ಕಷ್ಟದ ಮಾತನ್ನು ನಾನು ಜನ್ಮದಲ್ಲಿ ಆಡಿಲ್ಲ.

“ಗೌಡ್ರ, ಆಕಿ ನಿಮ್ಮನ್ನ ಕರೀಲಿಕತ್ತಾಳ.”

ಆತ ಕೇಳಿದ್ದು ಒಂದೇ, “ಮಾತಾಡಾಕತ್ತಾರೇನ್ರಿ?” ಹೂಂ ಎಂದೆ. ನನ್ನ ಬರಿತಲೆ ನೋಡಿ, ಗೂಟದ ಮೇಲಿದ್ದ ತನ್ನ ರುಮಾಲನ್ನು ನನ್ನ ಕೈಗೆ ಕೊಟ್ಟು ತಾನು ಬರಿತಲೆಯಲ್ಲಿ ಮುಂದೆ ಓಡಿದ.

ಒಳಗೆ ಬಂದು ಆಕೆಯ ಎದುರು, ಒಂದು ಮಾರು ದೂರದಲ್ಲಿ ನೆಲದ ಮೇಲೆ ಕೂತ. ಮುಟ್ಟಲಿಲ್ಲ, ಗಾಬರಿಪಡಲಿಲ್ಲ.

“ಅಕ್ಕಾರ, ತಗೋಬ್ಯಾಡ್ರಿ. ಬಿಡ್ರಿ. ಬಿಸಿ ಹಾಲು ಆರಿಸ್ತೀರಲ್ಲ, ಹಂಗ ತುಟಿ ಸಣ್ಣ ಮಾಡ್ರಿ. ಹೂಂ, ಕೆನಿ ಹರೀಬಾರದು, ಸಾವಕಾಶ. ನನ್ನ ನೋಡ್ರಿ.”

ತಾನೂ ತುಟಿ ಸಣ್ಣ ಮಾಡಿ ಊದಿದ. ಆಕೆ ಆತನ ತುಟಿಯನ್ನೇ ನೋಡುತ್ತ ಊದಿದಳು. ಮೊದಮೊದಲು ಸಾಧ್ಯವಾಗಲಿಲ್ಲ. ಕೆಮ್ಮಿದಳು, ಅತ್ತಳು, ಬೇಡ ಎಂದು ಕೈ ಅಲ್ಲಾಡಿಸಿದಳು. ಆತ ಬಿಡಲಿಲ್ಲ. ಕ್ರಮೇಣ ಇಬ್ಬರ ಉಸಿರೂ ಒಂದೇ ಲಯಕ್ಕೆ ಬಂತು. ಗಾಡಿ ಬರುವ ತನಕ ಹಾಗೆಯೇ ಕೂತಿದ್ದರು. ನಾನು ಬಾಗಿಲ ಚೌಕಟ್ಟು ಹಿಡಿದು, ಆತನ ರುಮಾಲು ಕೈಯಲ್ಲಿಟ್ಟುಕೊಂಡು ನಿಂತಿದ್ದೆ. ದೇವರಲ್ಲಿ ಬೇಡಿಕೊಂಡದ್ದು ಆಕೆ ಉಳಿಯಲಿ ಎಂದು. ಜೊತೆಗೆ, ಆ ಜಾಗದಲ್ಲಿ ನಾನು ಕೂತಿರಬೇಕಾಗಿತ್ತು ಎಂದೂ ಅನ್ನಿಸುತ್ತಿತ್ತು. ಎರಡೂ ಒಂದೇ ಸಲ ಅನ್ನಿಸಿದವು. ಮನಸ್ಸಿಗೆ ನಾಚಿಕೆ ಎಲ್ಲಿರುತ್ತದೆ!

ಡಾಕ್ಟರರು ಬಂದು ಸೂಜಿ ಚುಚ್ಚಿದ ಮೇಲೆ ಆಕೆ ಒರಗಿ ಮಲಗಿದಳು. ಉಬ್ಬಸ ಇಳಿಸಿದ್ದು ಆ ಸೂಜಿ ಎಂದು ನಾನು ಓಣಿಯಲ್ಲಿ ಕಂಡಕಂಡವರಿಗೆ ವಿವರಿಸಿದೆ. ಯಾರೂ ಕಿವಿಗೊಡಲಿಲ್ಲ. ಡಾಕ್ಟರರೇ, “ಅಲ್ಲೀ ತನಕ ತಡದಿದ್ದು ಗೌಡ್ರು” ಎಂದುಬಿಟ್ಟರು.

ಅಲ್ಲಿಂದ ಮುಂದೆ ನನ್ನ ಮನೆಯಲ್ಲಿ ಆತನ ಪಾಠ ನಡೆಯಿತು. ಎದೆ ಬಿಗಿದಾಗ ಆಕೆ ಕಲ್ಲಿಗೆ ಒರಗಿ ಕೂತು, ತುಟಿ ಸಣ್ಣ ಮಾಡಿ ಊದುತ್ತಿದ್ದಳು. ಆತ ವಾರಕ್ಕೊಮ್ಮೆ ಬಾಗಿಲಲ್ಲಿ ನಿಂತೇ, “ಅಕ್ಕಾರ, ಹೊರಗ ಬಿಡಾಕತ್ತೀರಿಲ್ಲೋ?” ಎಂದು ಕೇಳಿ ಹೋಗುತ್ತಿದ್ದ. ನಾನು ವರ್ತಮಾನಪತ್ರಿಕೆ ಮುಖಕ್ಕೆ ಅಡ್ಡ ಹಿಡಿದು ಕೂಡುತ್ತಿದ್ದೆ. ಒಂದು ದಿನವೂ ಒಳಗೆ ಬನ್ನಿ ಎನ್ನಲಿಲ್ಲ. ಆತ ಒಂದು ದಿನವೂ ಬರುವುದನ್ನು ತಪ್ಪಿಸಲಿಲ್ಲ.

ಈ ಮಳೆಗಾಲದ ವಿಷಮಜ್ವರದಲ್ಲಿ ಆತ ಹೋದ. ಮಾಡಿಟ್ಟ ಸ್ಲೈಡುಗಳು ಕಪಾಟಿನಲ್ಲಿವೆ. ಹುಡುಗರು ಇನ್ನೂ ಅವನ್ನೇ ಕೇಳುತ್ತಾರೆ.

ಶೋಕಸಭೆ ಮುಗಿಸಿ ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಆಕೆ ಕಲ್ಲಿಗೆ ಒರಗಿ ಕೂತಿದ್ದಳು. ಇಡೀ ಮಧ್ಯಾಹ್ನ ಅತ್ತಿದ್ದಳು ಎಂದು ಕಾಣುತ್ತದೆ, ಅತ್ತು ಅತ್ತು ಎದೆ ಬಿಗಿದಿತ್ತು. ಊದಲು ನೋಡುತ್ತಿದ್ದಳು. ತುಟಿ ನಡುಗಿ ಊದು ಅಳುವಾಗುತ್ತಿತ್ತು, ಅಳು ಕೆಮ್ಮಾಗುತ್ತಿತ್ತು. ಡಾಕ್ಟರರಿಗೆ ಹೇಳಿಕಳಿಸಿದೆ. ಅವರು ಬರುವ ತನಕ ಕರೆತರಲು ಇನ್ನು ಯಾರೂ ಇರಲಿಲ್ಲ.

ಕೋಟು ಬಿಚ್ಚದೆಯೇ ಆಕೆಯ ಎದುರು ನೆಲದ ಮೇಲೆ ಕೂತೆ. ಮದುವೆಯ ಮಣೆಯ ಮೇಲೆ ಬಿಟ್ಟರೆ ಹಾಗೆ ಎದುರುಬದುರು ಕೂತದ್ದು ನೆನಪಿಲ್ಲ. ತುಟಿ ಸಣ್ಣ ಮಾಡಿ ಊದಿದೆ. ಆಕೆ ನನ್ನ ಮುಖ ನೋಡಿದಳು. ಇಷ್ಟು ವರ್ಷಗಳ ಮೇಲೆ, ಉಸಿರು ಸಿಗದೆ, ನನ್ನ ಮುಖವನ್ನೇ ನೋಡಿದಳು. ನಾನು ಹುಮ್ಮಸ್ಸಿನಿಂದ ಮತ್ತೆ ಊದಿದೆ, ಮತ್ತೆ ಊದಿದೆ. ಆಕೆ ಕೈಯೆತ್ತಿ ತಡೆದಳು.

“ಭಾಳ ಲಗೂ ಆತು,” ಎಂದಳು. ಒಂದು ಉಸಿರು ಒಟ್ಟು ಮಾಡಿಕೊಂಡು ಉಳಿದದ್ದನ್ನೂ ಹೇಳಿದಳು. “ಗೌಡ್ರು... ಇನ್ನೂ ಸಾವಕಾಶ ಮಾಡ್ತಿದ್ರು.”

ನಾನು ಇನ್ನೂ ಸಾವಕಾಶ ಮಾಡಿದೆ.